ಟೇಪು ಅಳೆದದ್ದು, ವಾಚು ಹೇಳಿದ್ದು



ಪೊಲೀಸ್ ಭರ್ತಿಯ ಜಾಹೀರಾತು ಬಂತೆಂದರೆ ಸಾಕು, ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಕೋಳಿ ಕೂಗುವ ಮೊದಲೇ ಹುಡುಗರು ರಸ್ತೆಗಿಳಿಯುತ್ತಾರೆ. ಉಟಗಿಯೂ ಅಂಥದೊಂದು ಊರು. ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಬೀಗತನಕ್ಕೆ ಮುಖ ವಿಜಯಪುರದ ಕಡೆ, ಸರಕಾರಿ ಕಾಗದಪತ್ರಕ್ಕೆ ಮುಖ ಸಾಂಗಲಿಯ ಕಡೆ. ಮಳೆಯನ್ನು ನಂಬಿ ಕೂಡುವಂಥ ಸೀಮೆ ಅದಲ್ಲ. ನೀರು ಸಿಕ್ಕವರು ದ್ರಾಕ್ಷಿ, ದಾಳಿಂಬೆ ಎನ್ನುತ್ತಾರೆ. ಸಿಗದವರು ಜೋಳ, ಸಜ್ಜೆ, ಕುರಿ ಎನ್ನುತ್ತಾರೆ. ಬೇಸಿಗೆ ಬಂದರೆ ಇಬ್ಬರೂ ಟ್ಯಾಂಕರಿನ ದಾರಿ ನೋಡುತ್ತಾರೆ. ಹೀಗಾಗಿ ಮನೆಗೊಬ್ಬ ಮಗ ಪೊಲೀಸೋ ಮಿಲಿಟರಿಯೋ ಆದರೆ ಮನೆತನ ನಿಲ್ಲುತ್ತದೆ ಎನ್ನುವ ಲೆಕ್ಕ ಅಲ್ಲಿ ಎಲ್ಲರಿಗೂ ಗೊತ್ತು. ಆ ಲೆಕ್ಕದ ಮೊದಲ ಮೆಟ್ಟಿಲು ಓಟ.

ಈ ಹುಡುಗರ ಮಣಿಕಟ್ಟಿಗೆ ಈಚೆಗೆ ಹೊಸ ಸಾಮಾನೊಂದು ಬಂದಿದೆ. ಜಿಪಿಎಸ್ ವಾಚು. ಎಲ್ಲರ ಹತ್ತಿರ ಇಲ್ಲ. ನಾಲ್ಕೈದು ಜನರ ಗುಂಪಿಗೆ ಒಂದಿದ್ದರೆ ಹೆಚ್ಚು. ಅದೂ ಪುಣೆಯಲ್ಲಿ ಕೆಲಸಕ್ಕಿರುವ ಅಣ್ಣ ಕೊಡಿಸಿದ್ದು, ಇಲ್ಲವೇ ಕಂತಿನ ಮೇಲೆ ತಂದದ್ದು. ಓಡುವ ಮುಂಚೆ ಅದನ್ನು ಕಟ್ಟಿಕೊಂಡವನು ಮುಗಿಲಿಗೆ ಕೈ ಎತ್ತಿ ನಿಲ್ಲುತ್ತಾನೆ. ವಾಚು ಒಮ್ಮೆ ನಡುಗಿತೆಂದರೆ ಉಪಗ್ರಹ ಸಿಕ್ಕಿತೆಂದು ಅರ್ಥ. ಆಮೇಲೆ ಓಟ. ಓಡಿ ಬಂದವನನ್ನು ಮಾತಾಡಿಸಿದರೆ ಸಂಭಾಷಣೆ ಹೀಗೆ ಸಾಗುತ್ತದೆ:

"ಎಷ್ಟಕ್ಕ ಬಂದ್ಯೋ?"

"ಐದು ಎಂಟಕ್ಕ ಬಂದ್ನಿರಿ ಸರ."

"ಎಲ್ಲಿ ಓಡಿದಿ?"

"ರೋಡಿನ ಮ್ಯಾಲ್ರಿ. ವಾಚಿನ್ಯಾಗ ಒಂದು ಪಾಯಿಂಟ್ ಆರು ಅಂತ ಬಂದ ಕೂಡ್ಲೆ ನಿಂತ್ನಿ."

ನನ್ನ ಇವತ್ತಿನ ಮಾತೆಲ್ಲ ಈ ಕೊನೆಯ ಉತ್ತರದ ಬಗ್ಗೆಯೇ. ಹುಡುಗ ಸುಳ್ಳು ಹೇಳಿಲ್ಲ, ವಾಚೂ ಬೇಕಂತ ಸುಳ್ಳು ಹೇಳಿಲ್ಲ. ಆದರೂ ಆ ಐದು ನಿಮಿಷ ಎಂಟು ಸೆಕೆಂಡು ಭರ್ತಿಯ ಮೈದಾನದಲ್ಲಿ ನಿಲ್ಲುವುದು ಕಷ್ಟ.

ಮಹಾರಾಷ್ಟ್ರ ಪೊಲೀಸ್ ಶಿಪಾಯಿ ಭರ್ತಿಯ ದೈಹಿಕ ಪರೀಕ್ಷೆಗೆ ಒಟ್ಟು 50 ಅಂಕ. ಅದರಲ್ಲಿ ಗಂಡುಮಕ್ಕಳ 1600 ಮೀಟರ್ ಓಟಕ್ಕೆ 20. ಆ ಇಪ್ಪತ್ತೂ ಬೇಕೆಂದರೆ 5 ನಿಮಿಷ 10 ಸೆಕೆಂಡಿನೊಳಗೆ ಮುಗಿಸಬೇಕು. ತಡವಾದಂತೆ ಅಂಕ ಇಳಿಯುತ್ತ ಹೋಗುತ್ತದೆ. ಹೆಣ್ಣುಮಕ್ಕಳಿಗೆ 800 ಮೀಟರ್. ಪೂರ್ಣ ಅಂಕಕ್ಕೆ 2 ನಿಮಿಷ 50 ಸೆಕೆಂಡು. 2022ರಲ್ಲಿ ಶುರುವಾದ ಅಗ್ನಿವೀರ್ ಭರ್ತಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದವರಿಗೆ ಪೂರ್ಣ 60 ಅಂಕ. ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆ ಇಷ್ಟು ಬಿಗಿಯಲ್ಲ: ಅದೇ 1600 ಮೀಟರಿಗೆ ಆರೂವರೆ ನಿಮಿಷ, ಪಾಸಾದರೆ ಸಾಕು. ಗಡಿಯ ಆಚೆ ಮಹಾರಾಷ್ಟ್ರದಲ್ಲಿ ಓಡುವವನಿಗೆ ಒಂದೊಂದು ಸೆಕೆಂಡೂ ಅಂಕ ಎನ್ನುವುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

5 ನಿಮಿಷ 10 ಸೆಕೆಂಡಿನ ಓಟವೆಂದರೆ ಒಂದು ಸೆಕೆಂಡಿಗೆ 5 ಮೀಟರಿಗಿಂತ ತುಸು ಹೆಚ್ಚು. ಈಗ ಕೈಯಲ್ಲಿರುವ ವಾಚು ನೂರಕ್ಕೆ ಎರಡರಷ್ಟು ದೂರವನ್ನು ಹೆಚ್ಚಿಗೆ ತೋರಿಸಿತು ಎನ್ನೋಣ. ಒಳ್ಳೆಯ ವಾಚಿಗೂ ಇದು ಆಗದ ಮಾತಲ್ಲ. ಅದು 1600 ಎಂದಾಗ ಹುಡುಗ ಓಡಿದ್ದು 1568 ಮೀಟರ್. ಉಳಿದ 32 ಮೀಟರಿಗೆ ಆರು ಸೆಕೆಂಡು ಬೇಕು. ಐದು ಎಂಟು ಅಂದದ್ದು ಐದು ಹದಿನಾಲ್ಕಾಯಿತು. ಮನೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ತೆಗೆದವನು ಮೈದಾನದಲ್ಲಿ ಕಡಿಮೆ ತೆಗೆದು, "ಅವತ್ತು ಮೈಯಾಗ ಆರಾಮ ಇರ್ಲಿಲ್ಲ" ಎಂದು ಹೇಳಿಕೊಂಡು ತಿರುಗುತ್ತಾನೆ. ಮೈ ಆರಾಮಾಗಿಯೇ ಇತ್ತು. ರಸ್ತೆಯೇ ಮೂವತ್ತು ಮೀಟರ್ ಗಿಡ್ಡ ಇತ್ತು.

ವಾಚು ಯಾಕೆ ಹೀಗೆ ತಪ್ಪುತ್ತದೆ? ಅದು ನೆಲವನ್ನು ಅಳೆಯುವುದೇ ಇಲ್ಲ, ಅಳೆಯುವುದು ಹೊತ್ತನ್ನು. ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿ, ಸಿಡಿಲು ಎಷ್ಟು ದೂರದಲ್ಲಿ ಬಿತ್ತೆಂದು ನಮ್ಮ ಹಿರಿಯರು ಅಂದಾಜು ಮಾಡುತ್ತಿದ್ದರಲ್ಲ, ಹಾಗೆ. ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುತ್ತುತ್ತಿವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರ ಇದೆ. "ನಾನು ಇಂಥ ಕಡೆ ಇದ್ದೇನೆ, ಈಗ ಇಷ್ಟು ಹೊತ್ತಾಗಿದೆ" ಎಂದು ಅದು ಸಾರುತ್ತಲೇ ಇರುತ್ತದೆ. ಆ ಸಂಕೇತ ಬೆಳಕಿನ ವೇಗದಲ್ಲಿ ಬಂದರೂ ಉಟಗಿಯ ರಸ್ತೆಗೆ ಮುಟ್ಟಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಕಡಿಮೆಯೆಂದರೆ ನಾಲ್ಕು ಉಪಗ್ರಹಗಳಿಂದ ಹೀಗೆ ಕೇಳಿಸಿಕೊಂಡು, ಯಾವುದು ಎಷ್ಟು ತಡವಾಗಿ ಬಂತೆಂದು ಲೆಕ್ಕ ಹಾಕಿ, ವಾಚು ತನ್ನ ಜಾಗ ಗುರುತಿಸಿಕೊಳ್ಳುತ್ತದೆ. ಲೆಕ್ಕದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಹೆಚ್ಚುಕಡಿಮೆಯಾದರೂ 300 ಮೀಟರ್ ಏರುಪೇರು! ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತ ಇಲ್ಲಿ ನಮ್ಮ ಹುಡುಗನ ಕೈಯ ತನಕ ಬಂದಿದೆ. ಮೇಲಿನ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ದಿನಕ್ಕೆ ಒಂದು ಸೆಕೆಂಡಿನ 38 ದಶಲಕ್ಷಾಂಶದಷ್ಟು ಮುಂದೆ ಓಡುತ್ತವೆ. ಅದನ್ನು ತಿದ್ದದೆ ಬಿಟ್ಟರೆ ಒಂದೇ ದಿನದಲ್ಲಿ ತಪ್ಪು ಹತ್ತು ಕಿಲೋಮೀಟರ್ ದಾಟುತ್ತದೆ.

ಮೊದಲು ಇದು ಸೈನ್ಯದ ಸಾಮಾನು. ಮೊದಲ ಜಿಪಿಎಸ್ ಉಪಗ್ರಹ ಹಾರಿದ್ದು 1978ರಲ್ಲಿ. ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಅಮೆರಿಕ ಬಹಳ ವರ್ಷ ಬೇಕೆಂದೇ ಕೆಡಿಸಿ ಕೊಡುತ್ತಿತ್ತು, ನೂರು ಮೀಟರಿನ ತನಕ ತಪ್ಪುವಂತೆ. 2000ನೇ ಇಸವಿಯ ಮೇ ತಿಂಗಳಲ್ಲಿ ಅಧ್ಯಕ್ಷ ಕ್ಲಿಂಟನ್ ಆ ಪರದೆ ತೆಗೆಸಿದರು. ಅದಾದ ಮೂರು ವರ್ಷಕ್ಕೆ, 2003ರಲ್ಲಿ, ಗಾರ್ಮಿನ್ ಕಂಪನಿಯ ಫೋರ್‌ರನ್ನರ್ ಓಟಗಾರರ ಕೈಗೆ ಬಂತು. ಆಗ ಅದು ವಾಚೆನ್ನುವುದಕ್ಕಿಂತ ಮಣಿಕಟ್ಟಿಗೆ ಕಟ್ಟಿದ ಸಣ್ಣ ಡಬ್ಬಿ.

ನಮ್ಮ ದೇಶದ್ದೂ ಒಂದು ಏರ್ಪಾಟಿದೆ, ನಾವಿಕ್. 2013ರ ಜುಲೈಯಿಂದ 2016ರ ಏಪ್ರಿಲ್ ತನಕ ಇಸ್ರೋ ಅದಕ್ಕಾಗಿ ಏಳು ಉಪಗ್ರಹಗಳನ್ನು ಹಾರಿಸಿತು. ಅದರ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳು ಗ್ರಾಮದಲ್ಲಿ. ಮೊದಮೊದಲು ನಾವಿಕ್ ಬಳಸಿದ ತರಂಗಗಳನ್ನು ಕೇಳಿಸಿಕೊಳ್ಳುವ ಶಕ್ತಿ ಅಗ್ಗದ ಫೋನಿಗೂ ವಾಚಿಗೂ ಇರಲಿಲ್ಲ. ಮೇಲೆ ಹೋದ ಕೆಲವು ಪರಮಾಣು ಗಡಿಯಾರಗಳೂ ಕೈಕೊಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇಟ್ಟರು. ಜಗತ್ತಿನ ಎಲ್ಲ ವಾಚುಗಳಿಗೂ ಪರಿಚಯವಿರುವ ಎಲ್1 ತರಂಗವನ್ನೂ ಸೇರಿಸಿದರು. ಬ್ಯಾಲಾಳಿನ ಲೆಕ್ಕ ಉಟಗಿಯ ಹುಡುಗನ ಕೈಗೆ ಸಲೀಸಾಗಿ ಬರಲು ಇನ್ನೂ ಕೆಲವು ಉಪಗ್ರಹ ಮೇಲೇರಬೇಕು.

ಇರಲಿ. ಬಯಲಿನಲ್ಲಿ ಒಳ್ಳೆಯ ವಾಚು ಮೂರರಿಂದ ಐದು ಮೀಟರಿನೊಳಗೆ ಜಾಗ ಹೇಳುತ್ತದೆ. ಈ ವಿಷಯದಲ್ಲಿ ಜತ್ತ ಸೀಮೆಯವರು ಬೆಂಗಳೂರಿನವರಿಗಿಂತ ಭಾಗ್ಯವಂತರು: ಮುಗಿಲಿಗೆ ಅಡ್ಡ ಕಟ್ಟಡವಿಲ್ಲ, ಮರವೂ ಕಡಿಮೆ. ಆದರೆ ಸೆಕೆಂಡಿಗೊಂದು ಚುಕ್ಕಿ ಇಟ್ಟು, ಚುಕ್ಕಿಗಳನ್ನು ಜೋಡಿಸಿ ದೂರ ಹೇಳುವುದು ವಾಚಿನ ರೀತಿ. ನೀವು ನೆಟ್ಟಗೆ ಓಡಿದರೂ ಚುಕ್ಕಿಗಳು ಅತ್ತ ಒಂದು, ಇತ್ತ ಒಂದು ಬೀಳುತ್ತವೆ. ಅವನ್ನು ಕೂಡಿಸಿದ ಗೆರೆ ನಿಮ್ಮ ದಾರಿಗಿಂತ ಉದ್ದ. ಶಾಲೆಯ ಸಣ್ಣ ಮೈದಾನದಲ್ಲಿ ಸುತ್ತು ಹೊಡೆದರೆ ಮಾತ್ರ ಉಲ್ಟಾ. ತಿರುವಿನಲ್ಲಿ ಚುಕ್ಕಿಯಿಂದ ಚುಕ್ಕಿಗೆ ಅಡ್ಡ ಹಾಯ್ದು ದೂರ ಕಡಿಮೆ ತೋರಿಸುತ್ತದೆ. ಹತ್ತು ಕಿಲೋಮೀಟರ್ ಓಡುವವನಿಗೆ ಇದರಿಂದ ನಷ್ಟವೇನಿಲ್ಲ. ಹತ್ತಿದ್ದದ್ದು ಹತ್ತೂಕಾಲು ಎಂದರೂ ಹೊಟ್ಟೆ ಹಸಿಯುವುದು ಅಷ್ಟೇ. 1600 ಮೀಟರಿನ ಮೇಲೆ ಜೀವನ ಕಟ್ಟಲು ಹೊರಟವನಿಗೆ ಮಾತ್ರ ಈ ತಪ್ಪು ದುಬಾರಿ.

ದೊಡ್ಡ ದೊಡ್ಡ ಓಟಗಳ ದಾರಿಯನ್ನು ಹೇಗೆ ಅಳೆಯುತ್ತಾರೆ ಗೊತ್ತೇ? ಜಿಪಿಎಸ್‌ನಿಂದ ಅಲ್ಲ, ಸೈಕಲ್ಲಿನಿಂದ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವಿಶ್ವ 10ಕೆ ಇರಲಿ, 42.195 ಕಿಲೋಮೀಟರಿನ ಯಾವುದೇ ಅಂತಾರಾಷ್ಟ್ರೀಯ ಮ್ಯಾರಥಾನ್ ಇರಲಿ, ಪ್ರಮಾಣಪತ್ರ ಬೇಕೆಂದರೆ ಅಳೆಯುವವನು ಸೈಕಲ್ಲಿನ ಮುಂದಿನ ಗಾಲಿಗೆ ಜೋನ್ಸ್ ಕೌಂಟರ್ ಎಂಬ ಸಣ್ಣ ಯಂತ್ರ ಹಾಕುತ್ತಾನೆ. ಅಮೆರಿಕದ ಆ್ಯಲನ್ ಜೋನ್ಸ್ ಎಂಬ ಎಂಜಿನಿಯರು 1971ರಲ್ಲಿ ಮಾಡಿದ ಯಂತ್ರ ಅದು. ಮೊದಲು ಸ್ಟೀಲ್ ಟೇಪಿನಿಂದ ಅಳೆದ ನೆಟ್ಟನೆಯ ದಾರಿಯ ಮೇಲೆ ನಾಲ್ಕು ಸಲ ಸೈಕಲ್ ಹೊಡೆದು, ಗಾಲಿ ಎಷ್ಟು ತಿರುಗಿತೆಂದು ಬರೆದುಕೊಳ್ಳುತ್ತಾರೆ. ಆಮೇಲೆ ಓಟದ ದಾರಿ. ಅದು ಮುಗಿದ ಮೇಲೆ ಮತ್ತೆ ಟೇಪಿನ ದಾರಿ, ಯಾಕೆಂದರೆ ಬಿಸಿಲೇರಿದಂತೆ ಟೈರಿನ ಗಾಳಿ ಉಬ್ಬಿ ಗಾಲಿಯ ಸುತ್ತಳತೆಯೇ ಬದಲಾಗುತ್ತದೆ! ಇಷ್ಟಾದ ಮೇಲೂ ದಾರಿ ಗಿಡ್ಡವಾಗಬಾರದೆಂದು ಸಾವಿರಕ್ಕೊಂದು ಮೀಟರ್ ಹೆಚ್ಚಿಗೆ ಸೇರಿಸುತ್ತಾರೆ. ಮ್ಯಾರಥಾನ್ ಮುಗಿಸಿದವರ ವಾಚಿನಲ್ಲಿ ನಲವತ್ತೆರಡೂವರೆ ಎಂದು ಬರುವುದಕ್ಕೆ ಇದೂ ಒಂದು ಕಾರಣ. ಕೆಲವರು ಸಂಘಟಕರ ಜೊತೆ ಜಗಳಕ್ಕೂ ನಿಲ್ಲುತ್ತಾರೆ. ಜಗಳದಲ್ಲಿ ಗೆಲ್ಲಬೇಕಾದದ್ದು ಸೈಕಲ್ಲೇ.

ಸೈಕಲ್ಲಿನ ಮಾತು ವಿಜಯಪುರದ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೈಕಲ್ ಪಟುಗಳ ಊರೆಂದೇ ಅದರ ಹೆಸರು. ಹಾಗಾದರೆ ನಮ್ಮ ಹಳ್ಳಿಯಲ್ಲೂ ಇದನ್ನೇ ಮಾಡಬಾರದೇಕೆ? ಕಟ್ಟಡದ ಗುತ್ತಿಗೆದಾರರ ಹತ್ತಿರವೋ ಶಾಲೆಯಲ್ಲೋ 50 ಮೀಟರಿನ ಟೇಪು ಇರುತ್ತದೆ. ವಾಹನ ಕಡಿಮೆ ಇರುವ ನೆಟ್ಟನೆಯ, ಸಮತಟ್ಟಾದ ರಸ್ತೆ ಹುಡುಕಿ. ಟೇಪನ್ನು ಬಿಗಿಯಾಗಿ ಎಳೆದು 32 ಸಲ ಹಾಸಿದರೆ 1600 ಮೀಟರ್. ಒಂದೊಂದು ಸಲ ಎರಡು ಸೆಂಟಿಮೀಟರ್ ತಪ್ಪಿದರೂ ಕೊನೆಗೆ ಆಗುವುದು ಅರವತ್ತು ಚಿಲ್ಲರೆ ಸೆಂಟಿಮೀಟರ್. ಯಾವ ಉಪಗ್ರಹವೂ ಈ ಲೆಕ್ಕಕ್ಕೆ ಸರಿಗಟ್ಟದು. ಸೈಕಲ್ಲೇ ಬೇಕೆಂದರೆ ಟೈರಿನ ಮೇಲೆ ಸುಣ್ಣದ ಗುರುತು ಹಾಕಿ, 50 ಮೀಟರಿಗೆ ಎಷ್ಟು ಸುತ್ತು ಬಂತೆಂದು ಮೊದಲು ನೋಡಿಕೊಳ್ಳಿ. ದೊಡ್ಡ ಸೈಕಲ್ಲಿನ ಗಾಲಿ ಒಂದು ಸುತ್ತಿಗೆ ಎರಡೂಕಾಲು ಮೀಟರಿನ ಆಸುಪಾಸು ಹೋಗುತ್ತದೆ. ಕಿಲೋಮೀಟರ್ ಕಲ್ಲನ್ನು ಮಾತ್ರ ನಂಬಬೇಡಿ. ರಸ್ತೆ ಅಗಲ ಮಾಡುವಾಗ ಕಿತ್ತು ನೆಟ್ಟ ಕಲ್ಲು ತನ್ನ ಜಾಗದಲ್ಲೇ ಕೂತಿದೆ ಎನ್ನಲು ಯಾವ ಆಧಾರವೂ ಇಲ್ಲ.

ಪ್ರತಿ 200 ಮೀಟರಿಗೆ ಒಂದು ಕಲ್ಲಿಗೆ ಬಣ್ಣ ಹಚ್ಚಿ. 5 ನಿಮಿಷ 10 ಸೆಕೆಂಡು ಬೇಕಾದವನು ಒಂದು ಕಲ್ಲಿನಿಂದ ಇನ್ನೊಂದಕ್ಕೆ 38ರಿಂದ 39 ಸೆಕೆಂಡಿನೊಳಗೆ ಬರಬೇಕು. ಅಗ್ನಿವೀರನಿಗೆ 41 ಸಾಕು. ಇಷ್ಟು ತಿಳಿದುಕೊಂಡವನಿಗೆ ನೂರೈವತ್ತು ರೂಪಾಯಿಯ ಡಿಜಿಟಲ್ ವಾಚಿನ ಸ್ಟಾಪ್‌ವಾಚೇ ಸಾಕಾಗುತ್ತದೆ.

ಭರ್ತಿಯ ದಿನ ಕೈಯಲ್ಲಿ ವಾಚೇ ಇರುವುದಿಲ್ಲ ಎನ್ನುವುದನ್ನೂ ಮರೆಯಬಾರದು. ಮೈದಾನದೊಳಗೆ ಮೊಬೈಲನ್ನಾಗಲಿ ಇಂಥ ವಾಚನ್ನಾಗಲಿ ಒಯ್ಯಲು ಬಿಡುವುದಿಲ್ಲ. ಓಟಗಾರರಿಗೆ ಚಿಪ್ ಕಟ್ಟಿ, ಹೊತ್ತನ್ನು ಇಲಾಖೆಯ ಯಂತ್ರವೇ ಬರೆದುಕೊಳ್ಳುತ್ತದೆ. ಹತ್ತಾರು ಜನರ ನೂಕುನುಗ್ಗಲಿನಲ್ಲಿ ಒಳಗಿನ ಗೆರೆ ಬಿಟ್ಟು ಒಂದು ಲೇನು ಹೊರಗೆ ಓಡಿದರೆ ಸುತ್ತಿಗೆ ಏಳು ಮೀಟರ್ ಹೆಚ್ಚು, ನಾಲ್ಕು ಸುತ್ತಿಗೆ 28. ಅಂದರೆ ಮತ್ತೆ ಐದಾರು ಸೆಕೆಂಡು ಹೋಯಿತು. ಅದಕ್ಕೇ ವಾಚಿದ್ದವರು ವಾರಕ್ಕೊಮ್ಮೆಯಾದರೂ ಅದರ ಮೇಲೆ ಕರವಸ್ತ್ರ ಸುತ್ತಿಕೊಂಡು 400 ಮೀಟರ್ ಓಡಲಿ. ಎಷ್ಟು ಸೆಕೆಂಡಾಯಿತೆಂದು ಮೊದಲು ಬಾಯಿಬಿಟ್ಟು ಹೇಳಲಿ, ಆಮೇಲೆ ಕರವಸ್ತ್ರ ಬಿಚ್ಚಲಿ. 77 ಎಂದವನಿಗೆ 77 ಬರುವ ತನಕ ಬಿಡಬಾರದು. ವೇಗ ಕಾಲಿಗೆ ಗೊತ್ತಾಗಬೇಕು, ಕಣ್ಣಿಗಲ್ಲ.

ಹಾಗಾದರೆ ವಾಚು ದಂಡವೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಆದರೆ ಅದರ ಉಪಯೋಗ ನಮ್ಮ ಹುಡುಗರು ಅಂದುಕೊಂಡ ಕಡೆ ಇಲ್ಲ. ಜೋರಾಗಿ ಓಡಿಸುವುದಕ್ಕಿಂತ ನಿಧಾನವಾಗಿ ಓಡಿಸುವುದಕ್ಕೆ ಅದು ಬೇಕು.

ಭರ್ತಿಯ ಹುಡುಗರ ದೊಡ್ಡ ತಪ್ಪೆಂದರೆ ದಿನಾ ಪರೀಕ್ಷೆ ಕೊಡುವುದು. ಸೋಮವಾರ 1600 ಜೀವ ಬಿಟ್ಟು ಓಡುವುದು, ಮಂಗಳವಾರ ಮತ್ತೆ ಅದೇ. ತಿಂಗಳೊಪ್ಪತ್ತಿನಲ್ಲಿ ಮೊಣಕಾಲ ಕೆಳಗಿನ ಎಲುಬು ನೋಯತೊಡಗುತ್ತದೆ, ಟೈಮು ಇದ್ದಲ್ಲೇ ನಿಲ್ಲುತ್ತದೆ. ತಿಳಿದ ಯಾವ ತರಬೇತುದಾರನೂ ಹೀಗೆ ಓಡಿಸುವುದಿಲ್ಲ. ವಾರದ ಹೆಚ್ಚಿನ ಓಟ ಸಾವಕಾಶವಾಗಿ, ಪಕ್ಕದವನ ಜೊತೆ ಮಾತಾಡಲು ಬರುವಷ್ಟು ನಿಧಾನವಾಗಿ ಆಗಬೇಕು. ಒಂದೋ ಎರಡೋ ದಿನ ಮಾತ್ರ 400 ಮೀಟರಿನ ಜೋರು ಓಟ. ನಡುನಡುವೆ ಉಸಿರು ತಿರುಗಿ ಬರುವಷ್ಟು ನಡಿಗೆ. ನಿಧಾನದ ಓಟವೇ ಹೃದಯವನ್ನು ಗಟ್ಟಿ ಮಾಡುವುದು, ಕಾಲಿನ ಮಾಂಸಖಂಡಕ್ಕೆ ಸಣ್ಣ ಸಣ್ಣ ರಕ್ತನಾಳ ಬೆಳೆಸುವುದು. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ವಿಜಯಪುರದ ಕಡೆಯಿಂದ ಹಗಲು ರಾತ್ರಿ ನಡೆದು ಬರುವ ಹೆಣ್ಣುಮಕ್ಕಳನ್ನು ನೋಡಿ. ಅವರಿಗೆ ನಿಧಾನದ ಬೆಲೆ ಗೊತ್ತು. ಹದಿನೆಂಟು ವಯಸ್ಸಿನ ಹುಡುಗನಿಗೆ ಅದನ್ನು ಹೇಳಿ ನೋಡಿ! ಪಕ್ಕದವನು ಎರಡು ಹೆಜ್ಜೆ ಮುಂದೆ ಹೋದರೆ ಇವನಿಗೆ ತಡೆಯುವುದಿಲ್ಲ. ಇಲ್ಲಿ ವಾಚು ಹಿರಿಯನ ಕೆಲಸ ಮಾಡುತ್ತದೆ. ನಾಡಿ 150 ದಾಟಿದರೆ ಕೂಗು ಎಂದು ಹೇಳಿಟ್ಟರೆ ಕೂಗುತ್ತದೆ. ಗುರುಗಳ ಮಾತು ಮೀರಿದವರೂ ಈ ಕೂಗಿಗೆ ಹೆಜ್ಜೆ ಇಳಿಸುವುದುಂಟು.

ಆದರೆ ನಾಡಿಯ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ವಾಚಿನ ಬೆನ್ನಿಗಿರುವ ಹಸಿರು ದೀಪ ಚರ್ಮದೊಳಗೆ ಬೆಳಕು ಬಿಟ್ಟು, ರಕ್ತ ಎಷ್ಟು ಬೆಳಕು ನುಂಗಿತೆಂದು ನೋಡಿ ಮಿಡಿತ ಎಣಿಸುತ್ತದೆ. ಪಟ್ಟಿ ಸಡಿಲವಿದ್ದರೆ, ಚಳಿಗಾಲದ ನಸುಕಿನಲ್ಲಿ ಕೈ ತಣ್ಣಗಾಗಿದ್ದರೆ ಅದು ನಾಡಿಯ ಬದಲು ನಿಮ್ಮ ಹೆಜ್ಜೆಯನ್ನೇ ಎಣಿಸಿಬಿಡುತ್ತದೆ. ನಿಮಿಷಕ್ಕೆ 175 ಹೆಜ್ಜೆ ಹಾಕುವವನ ನಾಡಿಯೂ ಸರಿಯಾಗಿ 175 ಎಂದು ಬಂತೋ, ಸಂಶಯಪಡಿ. ಮಣಿಕಟ್ಟಿನ ಎಲುಬಿನಿಂದ ಎರಡು ಬೆರಳು ಮೇಲೆ ಪಟ್ಟಿ ಕಟ್ಟಿ. ಅನುಮಾನ ಬಂದರೆ ನಿಂತು, ಕೊರಳ ಪಕ್ಕ ಬೆರಳಿಟ್ಟು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. 220ರಲ್ಲಿ ವಯಸ್ಸು ಕಳೆದರೆ ನಾಡಿಯ ಗರಿಷ್ಠ ಮಿತಿ ಎನ್ನುವ ಸೂತ್ರ ಬರೀ ಅಂದಾಜು. ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಮಿಡಿತ ಅತ್ತಿತ್ತ ಆಗುತ್ತದೆ. ದಿನವೂ ಎದ್ದ ಕೂಡಲೇ ನಾಡಿ ನೋಡಿಕೊಳ್ಳುವುದು ಮಾತ್ರ ಒಳ್ಳೆಯ ಅಭ್ಯಾಸ. 55 ಇರುತ್ತಿದ್ದದ್ದು ಒಂದು ದಿನ 65 ಆಗಿದ್ದರೆ ನಿದ್ದೆ ಸಾಲದು, ಇಲ್ಲವೇ ಜ್ವರ ಬರುವುದಿದೆ, ಇಲ್ಲವೇ ನಿನ್ನೆ ಅತಿಯಾಯಿತು. ಅವತ್ತು ಬೂಟು ಹಾಕಬೇಡಿ.

ಬಿಸಿಲಿನ ಮಾತಂತೂ ನಮ್ಮ ಸೀಮೆಗೆ ಬಹಳ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ಮುಟ್ಟುವ ಊರುಗಳಿವು. ಬಿಸಿಲಲ್ಲಿ ಅದೇ ವೇಗಕ್ಕೆ ನಾಡಿ ಮೇಲೇರುತ್ತ ಹೋಗುತ್ತದೆ; ಮೈ ತಣ್ಣಗಿಡಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿನಲ್ಲಿ ನೀರು ಹೋಗುತ್ತದೆ. ಅಂಥ ದಿನ ವಾಚಿನ ವೇಗದ ಅಂಕಿ ನೋಡದೆ ನಾಡಿಯ ಅಂಕಿ ನೋಡಿ ಓಡಬೇಕು. 2024ರಲ್ಲಿ ಜಾರ್ಖಂಡಿನ ಅಬಕಾರಿ ಶಿಪಾಯಿ ಭರ್ತಿಯ 10 ಕಿಲೋಮೀಟರ್ ಓಟದಲ್ಲಿ ಹತ್ತಕ್ಕೂ ಹೆಚ್ಚು ಯುವಕರು ಸತ್ತದ್ದನ್ನು ಪತ್ರಿಕೆಯಲ್ಲಿ ನೀವೂ ಓದಿರಬಹುದು. ತಲೆ ತಿರುಗಿತು, ಚಳಿ ಚಳಿ ಎನ್ನಿಸಿತು, ಬೆವರು ನಿಂತಿತು ಎಂದರೆ ಅಲ್ಲಿಗೆ ಓಟ ನಿಲ್ಲಿಸಿ ನೆರಳಿಗೆ ಹೋಗಬೇಕು, ಮೈಗೆ ನೀರು ಹಾಕಿಸಿಕೊಳ್ಳಬೇಕು. ಟ್ಯಾಂಕರ್ ಬರುವ ಊರಿನಲ್ಲಿ ಮೈಮೇಲೆ ನೀರು ಸುರಿಯಲು ಕೈ ಬಾರದು, ನನಗೆ ಗೊತ್ತು. ಸುರಿಯಲೇಬೇಕು.

ಹೆಣ್ಣುಮಕ್ಕಳ ಬಗ್ಗೆ, ಅವರನ್ನು ಓಟಕ್ಕೆ ಕಳಿಸುವ ತಂದೆತಾಯಿಗಳ ಬಗ್ಗೆ ಒಂದು ಮಾತು. ವಾಚಿಗೆ ಫೋನು ಜೋಡಿಸಿದರೆ ಮಗಳು ಎಲ್ಲಿ ಓಡುತ್ತಿದ್ದಾಳೆಂದು ಮನೆಯ ಫೋನಿನಲ್ಲಿ ಕಾಣುವ ಅನುಕೂಲ ಹಲವು ವಾಚುಗಳಲ್ಲಿದೆ. ಕತ್ತಲಲ್ಲಿ ಹೊರಡುವವರಿಗೆ ಅದು ಧೈರ್ಯ. ಆದರೆ ಅದೇ ಓಟವನ್ನು ಸ್ಟ್ರಾವಾದಂಥ ಆ್ಯಪಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರೆ, ದಿನಾ ಎಷ್ಟು ಹೊತ್ತಿಗೆ ಯಾವ ಮನೆಯಿಂದ ಹೊರಟು ಯಾವ ದಾರಿಯಲ್ಲಿ ಹೋಗುತ್ತಾಳೆಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಮನೆಯ ಆಸುಪಾಸಿನ ಗೆರೆಯನ್ನು ಮರೆಮಾಡುವ, ಓಟವನ್ನು ತನಗೆ ಮಾತ್ರ ಕಾಣುವಂತೆ ಇಡುವ ಆಯ್ಕೆ ಅದರಲ್ಲೇ ಇದೆ; ಮೊದಲ ದಿನವೇ ಹಾಕಿಕೊಳ್ಳಿ. ಸೈನ್ಯ ಸೇರುವ ಹುಡುಗರಿಗೂ ಈ ಮಾತು ಸಲ್ಲುತ್ತದೆ. ಜಗತ್ತಿನ ಓಟಗಳನ್ನೆಲ್ಲ ಕೂಡಿಸಿ ಸ್ಟ್ರಾವಾ ಪ್ರಕಟಿಸಿದ ನಕ್ಷೆಯಲ್ಲಿ, ಮರುಭೂಮಿಯ ನಡುವೆ ಓಡುತ್ತಿದ್ದ ಸೈನಿಕರ ಗೆರೆಗಳಿಂದ ಗುಟ್ಟಿನ ಸೇನಾನೆಲೆಗಳು ಬಯಲಾದದ್ದು 2018ರ ಜನವರಿಯಲ್ಲಿ. ಅದನ್ನು ಕಂಡುಹಿಡಿದವನು ಆಸ್ಟ್ರೇಲಿಯಾದ ಒಬ್ಬ ಕಾಲೇಜು ವಿದ್ಯಾರ್ಥಿ.

ಕೊಳ್ಳುವವರಿಗೆ ಇಷ್ಟೇ: ಪೇಟೆಯಲ್ಲಿ ಒಂದೂವರೆ-ಎರಡು ಸಾವಿರಕ್ಕೆ ಸಿಗುವ ಸ್ಮಾರ್ಟ್‌ವಾಚುಗಳಲ್ಲಿ ಹೆಚ್ಚಿನವಕ್ಕೆ ಜಿಪಿಎಸ್ಸೇ ಇರುವುದಿಲ್ಲ. ಕೈ ಬೀಸುವುದನ್ನು ನೋಡಿ ದೂರ ಊಹಿಸುತ್ತವೆ, ಇಲ್ಲವೇ ಕಿಸೆಯ ಫೋನಿನ ಜಿಪಿಎಸ್ ಕೇಳಿ ಪಡೆಯುತ್ತವೆ. ಫೋನನ್ನು ಹೇಗೂ ಒಯ್ಯುವುದಾದರೆ ಫೋನೇ ಆ ಕೆಲಸ ಮಾಡೀತು. ಸಾಲ ಮಾಡಿ ಹದಿನೈದಿಪ್ಪತ್ತು ಸಾವಿರದ ವಾಚು ತರುವುದಂತೂ ಬೇಡವೇ ಬೇಡ. ಆ ದುಡ್ಡಿನಲ್ಲಿ ಒಳ್ಳೆಯ ಬೂಟು, ತಿಂಗಳುಗಟ್ಟಲೆ ಹಾಲು ಮೊಟ್ಟೆ ಬರುತ್ತದೆ.

ನಮ್ಮಂಥದೇ ಬರದ ಸೀಮೆಯಿಂದ ಬಂದ ಇಬ್ಬರ ಹೆಸರು ಹೇಳದಿದ್ದರೆ ಈ ಮಾತು ಪೂರ್ತಿಯಾಗದು. ಪಕ್ಕದ ಸಾತಾರಾ ಜಿಲ್ಲೆಯ ಮಾಣ ತಾಲೂಕಿನ ಮೋಹಿ ಎಂಬ ಹಳ್ಳಿಯ ಲಲಿತಾ ಬಾಬರ್ 2016ರ ರಿಯೊ ಒಲಿಂಪಿಕ್ಸಿನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಫೈನಲ್ ಓಡಿ ಹತ್ತನೆಯವರಾದರು. ಬೀಡ ಜಿಲ್ಲೆಯ ಮಾಂಡವಾದ ಅವಿನಾಶ ಸಾಬಳೆ ಶಾಲೆಗೆ ಆರು ಕಿಲೋಮೀಟರ್ ನಡೆದು, ಓಡಿ ಹೋಗುತ್ತಿದ್ದವರು. ಹನ್ನೆರಡನೆಯ ಇಯತ್ತೆ ಮುಗಿಸಿ ಸೈನ್ಯದ ಮಹಾರ್ ರೆಜಿಮೆಂಟ್ ಸೇರಿ, ಸಿಯಾಚಿನ್‌ನಲ್ಲಿ ಕಾವಲಿದ್ದು, ಓಟವನ್ನು ಗಂಭೀರವಾಗಿ ಹಿಡಿದದ್ದು ಆಮೇಲೆಯೇ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಬೆಳ್ಳಿ ಗೆದ್ದರು. ಭರ್ತಿಯೇ ಓಟದ ಕೊನೆಯಲ್ಲ ಎನ್ನುವುದಕ್ಕೆ ಅವರೇ ಸಾಕ್ಷಿ. ಇನ್ನೂ ಹಿಂದೆ ಹೋದರೆ 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದ ಶಿವನಾಥ ಸಿಂಗ್. ಆತ ಬರಿಗಾಲಲ್ಲಿ ಓಡುವುದಕ್ಕೆ ಹೆಸರಾದ ಸೈನಿಕ. ಆ ದಾಖಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಭಾರತದಲ್ಲಿ ಉಳಿದಿತ್ತು. ಅವರು ಓಡಿದ ವರ್ಷವೇ ಮೊದಲ ಜಿಪಿಎಸ್ ಉಪಗ್ರಹ ಮೇಲೇರಿದ್ದು.

ಉಟಗಿಯ, ಉಮದಿಯ, ಸಂಖದ, ಹಾಗೆಯೇ ಗಡಿಯ ಈಚೆಗಿನ ಹಳ್ಳಿಗಳ ಹಿರಿಯರಲ್ಲಿ, ಶಾಲೆಯ ಗುರುಗಳಲ್ಲಿ, ಗ್ರಾಮ ಪಂಚಾಯಿತಿಯವರಲ್ಲಿ ನನ್ನದೊಂದು ಬೇಡಿಕೆ ಇದೆ. ಬರುವ ಭಾನುವಾರ ಬೆಳಗ್ಗೆ ಟೇಪು ಹಿಡಿದು ನಿಮ್ಮೂರಿನ ಒಂದು ರಸ್ತೆಯಲ್ಲಿ 1600 ಮೀಟರ್ ಅಳೆದು ಕೊಡಿ. ಬೇಕಾಗುವುದು ನಾಲ್ಕು ಜನ, ಒಂದು ಡಬ್ಬಿ ಬಣ್ಣ, ಒಂಬತ್ತು ಕಲ್ಲು. ಹುಡುಗರು ಹುಡುಗಿಯರು ಮರುದಿನದಿಂದಲೇ ಅಲ್ಲಿ ಓಡಲಿ.